ಬುತ್ತಿ ಹೊತ್ತಿನ ಕರಡಿ

ಯಶೋದಾಳಷ್ಟು ಅಂಜುಬುರುಕಿ ಮದಕರಿಪುರದಲ್ಲಿ ಇನ್ನೊಬ್ಬಳಿಲ್ಲ. ಇದು ನಾನು ಹೊಸದಾಗಿ ಹೊರಿಸುತ್ತಿರುವ ಆರೋಪವಲ್ಲ, ಊರಿಗೆ ಊರೇ ಒಪ್ಪಿಕೊಂಡ ಮಾತು. ಹಲ್ಲಿ ಲೊಚಗುಟ್ಟಿದರೆ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬರುತ್ತಾಳೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಬಸ್‌ಸ್ಟಾಪಿನಿಂದ ವಾಪಸು ಓಡುತ್ತಾಳೆ, ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಜವನಗೊಂಡನಹಳ್ಳಿಯ ತವರಿನಲ್ಲಿ ಹುಡುಗಿಯಾಗಿದ್ದಾಗ ಬಾವಿಯ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲವಂತೆ. ಧಾರೆ ಎರೆಯುವ ಹೊತ್ತಿನಲ್ಲಿ ಅವಳು ನಡುಗಿದ್ದನ್ನು ಕಂಡು, ಮದುವಣಗಿತ್ತಿಗೆ ಚಳಿಜ್ವರ ಬಂದಿದೆ ಎಂದು ಬೀಗರ ಕಡೆಯವರೇ ಮಾತ್ರೆ ತಂದುಕೊಟ್ಟಿದ್ದರು. ಕುರಿ ಸಾಕುವ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ಟಗರು ತಲೆ ತಗ್ಗಿಸಿದರೆ ಸಾಕು, ಅವಳು ಜಗಲಿ ಹತ್ತಿ ನಿಲ್ಲುತ್ತಾಳೆ.

ಅವಳಿಗೆ ಅಂಜಿಕೆಯಾಗದ ವಸ್ತು ಒಂದೇ ಒಂದು ಇತ್ತು, ಅದು ಕಂಪ್ಯೂಟರು. ಅದು ಕಚ್ಚುವುದಿಲ್ಲ, ಹಾಯುವುದಿಲ್ಲ, ಹೇಳಿದಷ್ಟು ಮಾಡಿ ಸುಮ್ಮನಿರುತ್ತದೆ ಎಂದು ನಂಬಿದ್ದಳು. ಹಿರಿಯೂರಿನಲ್ಲಿ ಡಿಪ್ಲೊಮಾ ಓದಿದ್ದಳು. ಮದುವೆಯಾದ ಮೇಲೆ ಚಿತ್ರದುರ್ಗದ ಕುರಿಗಾರರ ಸಂಘದ ಕಚೇರಿಯಲ್ಲಿ ಕೆಲಸ ಸಿಕ್ಕಿತು. ದುರ್ಗದ ಸುತ್ತಮುತ್ತ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಕುರಿಗಾರರೆಲ್ಲ ಅದರ ಸದಸ್ಯರು. ಉಣ್ಣೆ, ಲಸಿಕೆ, ವಿಮೆ ಎಲ್ಲದರ ಲೆಕ್ಕ ಅವಳ ಕಂಪ್ಯೂಟರಿನಲ್ಲೇ. ಅದರ ಜೊತೆಗೆ ಕೆಲವು ವರ್ಷಗಳ ಹಿಂದೆ ಕರಡಿಯ ಕೆಲಸವೂ ಬಂದು ಸೇರಿಕೊಂಡಿತು.

ಕಾಡಿನ ಅಂಚಿನ ಹಳ್ಳಗಳಲ್ಲಿ, ಕುರಿಗಳು ನೀರಿಗಿಳಿಯುವ ಕಡೆಗಳಲ್ಲಿ ಕ್ಯಾಮೆರಾ ಕಂಬಗಳನ್ನು ನೆಟ್ಟಿದ್ದರು. ಕರಡಿಯೋ ಚಿರತೆಯೋ ಹಾದುಹೋದರೆ ಕಂಬವು ಗುಡ್ಡದ ನೆತ್ತಿಯ ಆಂಟೆನಾ ಮೂಲಕ ಸಂಘಕ್ಕೆ ಸುದ್ದಿ ಮುಟ್ಟಿಸುತ್ತದೆ. ಯಾವ ಹಳ್ಳ, ಯಾವ ಪ್ರಾಣಿ, ಯಾವ ಹೊತ್ತು, ಅಷ್ಟೇ. ಕಂಪ್ಯೂಟರು ಹಿಂದಿನ ದಿನಗಳ ಸುದ್ದಿಯನ್ನೆಲ್ಲ ನೋಡಿ, ಪ್ರತಿ ಬೆಳಿಗ್ಗೆ ಒಬ್ಬೊಬ್ಬ ಕುರಿಗಾರನಿಗೂ ಫೋನ್ ಮಾಡಿ ಹೇಳುತ್ತದೆ. ಹೇಳುವ ದನಿ ಯಶೋದಾಳದು. ಒಂದೊಂದು ಹಳ್ಳದ ಹೆಸರು, ಒಂದೊಂದು ಹೊತ್ತು, "ಕ್ಷೇಮ", "ಬ್ಯಾಡ", ಇವನ್ನೆಲ್ಲ ಬಿಡಿಬಿಡಿಯಾಗಿ ಹೇಳಿ ಒಮ್ಮೆ ರೆಕಾರ್ಡ್ ಮಾಡಿಟ್ಟಿದ್ದಳು. ಬೇಕಾದದ್ದನ್ನು ಜೋಡಿಸಿಕೊಳ್ಳುವುದು ಕಂಪ್ಯೂಟರಿನ ಕೆಲಸ.

ಮೊದಲು ಗಂಟೆ ಲೆಕ್ಕದಲ್ಲೇ ಹೇಳುತ್ತಿತ್ತು. "ಆರು ಗಂಟೆಗೆ ಕರಡಿ" ಎಂದರೆ ವಯಸ್ಸಾದವರು ತಲೆ ಕೆರೆದುಕೊಳ್ಳುತ್ತಿದ್ದರು. ಗುಡ್ಡದಲ್ಲಿ ಗಡಿಯಾರ ನೋಡುವವರು ಯಾರು? ಅದಕ್ಕೆ ಯಶೋದಾ ಗಂಟೆಗಳನ್ನೆಲ್ಲ ತೆಗೆದುಹಾಕಿ, ಮನೆಯಲ್ಲಿ ಆಡುವ ಮಾತನ್ನೇ ಇಟ್ಟಳು. ಬೆಳಿಗ್ಗೆ ರೊಪ್ಪದಿಂದ ಕುರಿ ಹೊರಡಿಸುವುದು ರೊಪ್ಪ ಬಿಡೋ ಹೊತ್ತು. ನಡುಮಧ್ಯಾಹ್ನ ಬುತ್ತಿ ಹೊತ್ತು. ಸಂಜೆ ಮರಿಗಳು ತಾಯಂದಿರನ್ನು ಸೇರುವುದು ಮರಿ ಕೂಡೋ ಹೊತ್ತು. ಕುರಿಗಾರರಿಗೆ ಬಲು ಇಷ್ಟವಾಯಿತು. ಸಂಘದ ಕಾರ್ಯದರ್ಶಿ ದಯಾನಂದ ಸಭೆಯಲ್ಲಿ ಅವಳನ್ನು ಹೊಗಳಿದ. ಅವಳು ನಾಚಿ ಬಾಗಿಲ ಹಿಂದೆ ಸರಿದಳು.

ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಅವಳ ಮಾವ ಕಾಟಲಿಂಗಪ್ಪ. ಹುಟ್ಟಿದಾಗಿನಿಂದ ಕುರಿಯ ಹಿಂದೆಯೇ ನಡೆದ ಮುದುಕ. ಒಂದು ಕುರಿಗೂ ಕೋಲು ಮುಟ್ಟಿಸಿದವನಲ್ಲ. "ಕೋಲಿರೋದು ಊರ್ಕಳಾಕೆ ಕಣಪ್ಪ, ಹೊಡ್ಯಾಕಲ್ಲ" ಎನ್ನುತ್ತಿದ್ದ. ಕೆಂದಿ ಎಂಬ ಹಿರಿ ಕುರಿ ಅವನ ಮಂದೆಗೆ ಮುಂದಾಳು. ಅವಳು ಹೋದ ಕಡೆ ಮಂದೆ, ಮಂದೆ ಹೋದ ಕಡೆ ಈತ. ಈಗ ಬೆಳಿಗ್ಗೆ ಫೋನು ಬರುವ ತನಕ ರೊಪ್ಪದ ಬಾಗಿಲು ತೆಗೆಯುತ್ತಿರಲಿಲ್ಲ. ಸೊಸೆ ಒಳಗೆ ರೊಟ್ಟಿ ತಟ್ಟುತ್ತಿದ್ದರೂ ಅಂಗಳದಲ್ಲಿ ನಿಂತು ಫೋನಿನಲ್ಲಿ ಅವಳ ದನಿ ಕೇಳುವನು. ಕೇಳಿ ಮುಗಿದ ಮೇಲೆ ಗಟ್ಟಿಯಾಗಿ "ಆಯ್ತವ್ವ" ಎಂದು ಉತ್ತರ ಕೊಡುವನು.

"ಅದು ರೆಕಾರ್ಡು ಮಾವ, ನಿಮ್ಮ ಮಾತು ಅದಕ್ಕೆ ಕೇಳ್ಸಲ್ಲ" ಎಂದು ಯಶೋದಾ ನಕ್ಕರೆ, "ನೀನು ಹೇಳ್ದಾಗ ನಾನು ಆಯ್ತು ಅನ್ನದೆ ಇರಾಕಾಗ್ತೈತಾ?" ಎನ್ನುವನು.

ಆ ಚಳಿಗಾಲದಲ್ಲಿ ಸಂಘದ ಹಳೇ ಕಂಪ್ಯೂಟರು ಕೈಕೊಟ್ಟಿತು. ಸಂತೆಪೇಟೆಯ ಕಡೆಯಿಂದ ರಘುನಾಥ್ ಎಂಬ ಹುಡುಗ ಹೊಸದನ್ನು ತಂದು ಕೂರಿಸಿ, ಹಳೆಯದರಲ್ಲಿದ್ದ ಲೆಕ್ಕವನ್ನೆಲ್ಲ ಅದಕ್ಕೆ ಸಾಗಿಸಿ, ಟೀ ಕುಡಿದು ಹೋದ. ಹಳೆಯದರಲ್ಲಿ ವಿಂಡೋಸ್ ಇತ್ತು, ಇದರಲ್ಲಿ ಲಿನಕ್ಸ್. ಯಶೋದಾ ತನ್ನ ಸ್ವಭಾವಕ್ಕೆ ತಕ್ಕಂತೆ ಎಲ್ಲವನ್ನೂ ತಿರುಗಾ ಮುರುಗಾ ನೋಡಿದಳು. ಉಣ್ಣೆ ಲೆಕ್ಕ ಸರಿಯಿತ್ತು. ಲಸಿಕೆ ಸರಿಯಿತ್ತು. ಬೆಳಿಗ್ಗೆ ಫೋನುಗಳು ಹೋದವು, ದನಿ ಸ್ಪಷ್ಟವಾಗಿತ್ತು. ಇನ್ನೇನು ಬೇಕು ಎಂದುಕೊಂಡು ನಿಶ್ಚಿಂತಳಾದಳು. ಅವಳು ನಿಶ್ಚಿಂತಳಾಗಿದ್ದೇ ಅಪರೂಪ, ಅದೂ ಅಂಥ ದಿನಗಳಲ್ಲಿ.

ಒಂದು ಸಂಜೆ, ಬಿಸಿಲು ಕಚೇರಿಯ ಕಿಟಕಿಯಿಂದ ಓರೆಯಾಗಿ ಮೇಜಿನ ಮೇಲೆ ಬಿದ್ದಿದ್ದಾಗ, ಅರಣ್ಯದ ವಾಚರ್ ಓಬಯ್ಯ ಬಂದ. ಕಂಬಗಳಲ್ಲಿ ಫೋಟೋ ತುಂಬಿದ ಕಾರ್ಡುಗಳನ್ನು ಆಗಾಗ ತಂದುಕೊಡುವುದು ಅವನ ಕೆಲಸ. ಯಶೋದಾ ಜೋಗಿಮಟ್ಟಿ ಹಳ್ಳದ ಕಾರ್ಡು ಹಾಕಿ ನೋಡತೊಡಗಿದಳು. ಕರಡಿಯ ಫೋಟೋ ಬಂತು. ಬೆನ್ನ ಮೇಲೆ ಮರಿ ಕೂತಿತ್ತು. ಕಣ್ಣುಗಳು ಬೆಳ್ಳಗೆ ಮಿಂಚುತ್ತಿದ್ದವು. ಸುತ್ತ ಕತ್ತಲೆ. ಕೆಳಗೆ ಕಂಪ್ಯೂಟರು ಬರೆದಿತ್ತು: ಬುತ್ತಿ ಹೊತ್ತು.

ಅವಳು ಕಣ್ಣುಜ್ಜಿಕೊಂಡಳು. ಮುಂದಿನ ಫೋಟೋದಲ್ಲೂ ಅದೇ ಕರಡಿ, ಅದೇ ಕತ್ತಲೆ, ಬುತ್ತಿ ಹೊತ್ತು. ಅದರ ಮುಂದಿನದೂ ಹಾಗೆಯೇ.

"ಓಬಯ್ಯಣ್ಣ, ಈ ಕರಡಿ ಹಳ್ಳಕ್ಕೆ ಯಾವಾಗ ಬರ್ತೈತೆ?"

"ಇನ್ಯಾವಾಗ ತಾಯಿ, ಹೊತ್ತು ಮುಳುಗಿದ್ಮೇಲೆ. ಮರಿ ಹಾಕೈತೆ ಅದು, ಬಲೇ ಸಿಟ್ಟಲ್ಲೈತೆ. ನಿಮ್ಮ ಫೋನಲ್ಲೂ ಹಂಗೇ ಹೇಳ್ತಿರಬೇಕಲ್ಲ?"

ಯಶೋದಾ ಫೋಟೋದ ಕಡೆಗೇ ತಿರುಗಿದಳು. ಬೆಳಿಗ್ಗೆ ಅಂಗಳದಲ್ಲಿ ಕೇಳಿದ ತನ್ನದೇ ದನಿ ಕಿವಿಯಲ್ಲಿ ಬಂದು ಕೂತಿತು. ಜೋಗಿಮಟ್ಟಿ ಹಳ್ಳ. ಬುತ್ತಿ ಹೊತ್ತು, ಬ್ಯಾಡ. ಮರಿ ಕೂಡೋ ಹೊತ್ತು, ಕ್ಷೇಮ. ಅದಕ್ಕೆ ಮಾವ "ಆಯ್ತವ್ವ" ಎಂದಿದ್ದ. ಇಷ್ಟು ದಿನ ಊರ ಹತ್ತಿರದ ಕೊಯ್ಲಾದ ಹೊಲಗಳಲ್ಲಿ ಮೇಯಿಸುತ್ತಿದ್ದವನು ಇವತ್ತೇ ಮೊದಲ ಸಲ ಮಂದೆಯನ್ನು ಜೋಗಿಮಟ್ಟಿ ಕಡೆಗೆ ಹೊಡೆದುಕೊಂಡು ಹೋಗಿದ್ದ.

ಇಲ್ಲಿ ಒಂದು ವಿಷಯವನ್ನು ನಿಧಾನವಾಗಿ ಹೇಳಬೇಕು. ಯಶೋದಾಳಿಗೆ ಆಗ ನಿಧಾನವಿರಲಿಲ್ಲ, ಆದರೆ ನಮಗಿದೆ. ಕಂಬಗಳು ಹೊತ್ತನ್ನು ಬರೆಯುವುದು ನಮ್ಮ ಲೆಕ್ಕದಲ್ಲಲ್ಲ, ಇಡೀ ಜಗತ್ತಿಗೆ ಒಂದೇ ಎಂದು ಇಟ್ಟುಕೊಂಡ ಗ್ರೀನಿಚ್ ಲೆಕ್ಕದಲ್ಲಿ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮ ಹೊತ್ತಿಗೆ ತಿರುಗಿಸಿಕೊಡು ಎಂದು ಡೇಟಾಬೇಸನ್ನು ಕೇಳಿದರೆ, ಯಾವ ದೇಶಕ್ಕೆ ಎಷ್ಟು ಕೂಡಿಸಬೇಕು ಎಂಬ ಮಾಹಿತಿ ಅದರ ಕೈಗೆ ಸಿಗಬೇಕು. ಆ ಮಾಹಿತಿ ಎಲ್ಲಿರುತ್ತದೆ ಎನ್ನುವುದು ಒಂದೊಂದು ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಒಂದೊಂದು ಥರ. ಹಳೇ ವಿಂಡೋಸ್ ಕಂಪ್ಯೂಟರಿನಲ್ಲಿ ಈ ಡೇಟಾಬೇಸಿಗೆ ಬೇಕಾದ ರೂಪದಲ್ಲಿ ಅದು ಇರಲೇ ಇಲ್ಲ. ಅದಕ್ಕೇ ಯಶೋದಾಳಿಗಿಂತ ಮುಂಚೆ ಅಲ್ಲಿದ್ದ ನಾಗಭೂಷಣ ಯಾವುದೋ ಹಳೇ ಲೆಕ್ಕಕ್ಕೆ ಬೇಕಾಗಿ ಅದನ್ನು ಬೇರೆ ಕಡೆಯಿಂದ ಇಳಿಸಿಕೊಂಡು ಡೇಟಾಬೇಸಿನೊಳಗೇ ತುಂಬಿಸಿ, ಯಾರಿಗೂ ಹೇಳದೆ ಬೇರೆ ಕೆಲಸ ಹಿಡಿದು ಹೋಗಿದ್ದ. ಹೊಸ ಲಿನಕ್ಸ್ ಕಂಪ್ಯೂಟರಿನಲ್ಲಿ ಅದು ಸಿಸ್ಟಮ್ಮಿನ ಒಂದು ಫೋಲ್ಡರಿನಲ್ಲಿ ತಣ್ಣಗೆ ಕೂತಿತ್ತು. ಆದರೆ ಈ ಡೇಟಾಬೇಸ್ ತಾನಾಗಿ ಅಲ್ಲಿಗೆ ಹೋಗಿ ನೋಡುವ ಜಾಯಮಾನದ್ದಲ್ಲ. ಅಲ್ಲಿಂದ ತುಂಬಿಸಿಕೋ ಎಂದು ಒಂದು ಸಲ ಹೇಳಬೇಕು. ರಘುನಾಥ್ ಸಾಗಿಸಿದ್ದು ಸಂಘದ ಲೆಕ್ಕವನ್ನು ಮಾತ್ರ. ಬಾಡಿಗೆ ಮನೆ ಬದಲಿಸುವಾಗ ಪಾತ್ರೆ ಪಗಡ ಎಲ್ಲ ಸಾಗಿಸಿ, ಗೂಡಿನಲ್ಲಿದ್ದ ಉಪ್ಪಿನ ಜಾಡಿಯನ್ನು ಹಿಂದೆ ಬಿಟ್ಟು ಬಂದಂತಾಯಿತು.

ಹಾಗಾದರೆ ಕಂಪ್ಯೂಟರು ಬಾಯಿಬಿಟ್ಟು ಹೇಳಬೇಕಿತ್ತಲ್ಲ? ಹೇಳಿತ್ತು. ಹೊತ್ತು ಕೇಳಿದಾಗಲೆಲ್ಲ ಡೇಟಾಬೇಸ್ ಖಾಲಿ ಉತ್ತರ ಕೊಟ್ಟಿತ್ತು. ಆ ಖಾಲಿಯ ಬಾಯಿ ಮುಚ್ಚಿಸಿದ್ದವಳು ಯಶೋದಾಳೇ. ವರ್ಷಗಳ ಹಿಂದೆ, ಎಂದಾದರೂ ಒಂದು ದಿನ ಖಾಲಿ ಬಂದು ಫೋನುಗಳು ಹೋಗದಿದ್ದರೆ ಕುರಿಗಾರರ ಗತಿಯೇನು ಎಂದು ಹೆದರಿ, ಒಂದು ಸಾಲು ಬರೆದಿಟ್ಟಿದ್ದಳು: ಖಾಲಿ ಬಂದರೆ ಕಂಬ ಬರೆದ ಹೊತ್ತನ್ನೇ ತಗೋ. ಅವಳ ಅಂಜಿಕೆಯೇ ಆ ಸಾಲನ್ನು ಬರೆಸಿತ್ತು. ಗಂಟೆಯ ಲೆಕ್ಕವನ್ನಾದರೂ ಉಳಿಸಿಕೊಂಡಿದ್ದರೆ ಯಾರಾದರೊಬ್ಬ ಹರೆಯದವನು, ಇದೇನು ಹೊತ್ತು ತಪ್ಪಿದೆಯಲ್ಲ ಎಂದು ಕೇಳುತ್ತಿದ್ದನೋ ಏನೋ. ಬುತ್ತಿ ಹೊತ್ತು ಎಂದರೆ ಯಾರಿಗೆ ಅನುಮಾನ ಬಂದೀತು?

ಯಶೋದಾ ಡೇಟಾಬೇಸನ್ನು ಕೇಳಿದಳು, ಈಗ ನಮ್ಮಲ್ಲಿ ಹೊತ್ತೆಷ್ಟು ಎಂದು. ಖಾಲಿ ಬಂತು. ಮತ್ತೆ ಕೇಳಿದಳು. ಮತ್ತೆ ಖಾಲಿ. ಇಷ್ಟು ದಿನ ಅವಳು ಹೆದರಿದ್ದೆಲ್ಲ ಸುಳ್ಳು ಹೆದರಿಕೆ. ನಿಜವಾದದ್ದು ಹೀಗಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಡಿಪ್ಲೊಮಾದಲ್ಲಿ ಓದಿದ್ದು ನೆನಪಾಗಿ, ತುಂಬಿಸಿಕೋ ಎಂಬ ಆ ಒಂದು ಆಜ್ಞೆಯನ್ನು ಕೊಟ್ಟಳು. ಇಷ್ಟೇ ಇತ್ತು ಕೆಲಸ. ಕರಡಿಗಳೆಲ್ಲ ಒಮ್ಮೆಗೇ ಬುತ್ತಿ ಹೊತ್ತಿನಿಂದ ಮರಿ ಕೂಡೋ ಹೊತ್ತಿಗೆ ಜಿಗಿದವು. ಜೋಗಿಮಟ್ಟಿಯೊಂದೇ ಅಲ್ಲ, ಹೊಸದುರ್ಗದ ಕಡೆಯ ಗುಡ್ಡ, ಹೊಳಲ್ಕೆರೆಯ ಕಡೆಯ ಕಣಿವೆ, ಎಲ್ಲೆಲ್ಲೂ. ದಯಾನಂದನನ್ನು ಕೂಗಿದಳು. ಅವನು ಓಡಿ ಬಂದು ಅವಳ ಮುಖ ನೋಡಿ, "ಯಾಕ್ರೀ ಯಶೋದಮ್ಮ, ಹಲ್ಲಿ ಬಂತಾ?" ಎಂದ. ಅವಳು ಹೇಳಿದ್ದನ್ನು ಕೇಳಿದ ಮೇಲೆ ಅವನ ನಗು ಇಂಗಿಹೋಯಿತು.

ಇಬ್ಬರೂ ಸೇರಿ ಎಲ್ಲ ಕುರಿಗಾರರಿಗೂ ಆಗಲೇ ಫೋನು ಹೋಗುವಂತೆ ಮಾಡಿದರು. ಯಶೋದಾ ಹೊಸದಾಗಿ ರೆಕಾರ್ಡ್ ಮಾಡಿದಳು: "ಇವತ್ತು ಸಂಜೆ ಯಾವ ಹಳ್ಳಕ್ಕೂ ಇಳೀಬ್ಯಾಡ್ರಿ. ಬೆಳಿಗ್ಗೆ ಹೇಳಿದ್ದು ತಪ್ಪು." ದನಿ ನಡುಗಿತ್ತು, ಹಾಗೆಯೇ ಕಳಿಸಿದಳು. ಪರದೆಯ ಮೇಲೆ ಒಂದೊಂದೇ ಹೆಸರಿನ ಮುಂದೆ, ತಲುಪಿತು ಎಂಬ ಗುರುತು ಮೂಡತೊಡಗಿತು. ಹಿರಿಯೂರಿನವರಿಗೆ ತಲುಪಿತು. ಹೊಸದುರ್ಗದವರಿಗೆ ತಲುಪಿತು. ಹೊಳಲ್ಕೆರೆ ಕಡೆಯ ಹೊಲದಲ್ಲಿ ಇನ್ನೊಂದು ಮಂದೆಯ ಜೊತೆಗಿದ್ದ ಅವಳ ಗಂಡ ಬೀರೇಶನಿಗೂ ತಲುಪಿತು. ಅವನು ತಕ್ಷಣ ಅವಳಿಗೆ ಫೋನ್ ಮಾಡಿದ.

"ಏನಾತೇ? ನಾವು ಕ್ಷೇಮ ಇದೀವಿ. ಅಪ್ಪ ಎಲ್ಲೈತೆ?"

ಅವಳು ಪರದೆಯನ್ನು ನೋಡಿದಳು. ಎಲ್ಲರ ಹೆಸರಿನ ಮುಂದೆಯೂ ಗುರುತಿತ್ತು, ಕಾಟಲಿಂಗಪ್ಪನ ಹೆಸರಿನ ಮುಂದೆ ಇರಲಿಲ್ಲ. ಜೋಗಿಮಟ್ಟಿ ಹಳ್ಳದ ತಗ್ಗಿನಲ್ಲಿ ಫೋನು ಸಿಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. "ನಾನು ಹೋಗ್ತೀನಿ" ಎಂದಷ್ಟೇ ಹೇಳಿದಳು.

ಮಿಕ್ಕ ಕುರಿಗಾರರ ಜೊತೆ ಮಾತಾಡಲು ದಯಾನಂದ ಕಚೇರಿಯಲ್ಲೇ ಉಳಿದ. ಓಬಯ್ಯ ಹೊರಗೆ ತನ್ನ ಮೊಪೆಡ್ಡನ್ನು ಆಗಲೇ ಚಾಲೂ ಮಾಡಿದ್ದ. ಯಶೋದಾ ಜನ್ಮದಲ್ಲಿ ಮೊಪೆಡ್ ಹತ್ತಿದವಳಲ್ಲ. ಗಂಡನ ಬೈಕಿನ ಮೇಲೂ ಕಣ್ಣು ಮುಚ್ಚಿಕೊಂಡು ಕೂರುವವಳು. ಈಗ ಸೆರಗು ಸೊಂಟಕ್ಕೆ ಬಿಗಿದು ಹಿಂದೆ ಕೂತು, "ಜೋರಾಗಿ ಹೋಗಾಣ ಓಬಯ್ಯಣ್ಣ" ಎಂದಳು. ಊರು ದಾಟಿ ಕಾಡಿನ ರಸ್ತೆ ಹಿಡಿಯುವಷ್ಟರಲ್ಲಿ ಬಿಸಿಲು ಕೆಂಪಾಗಿ ಬಂಡೆಗಳ ನೆತ್ತಿಗೆ ಏರಿತ್ತು. ಅವಳು ಮತ್ತೆ ಮತ್ತೆ ಮಾವನ ನಂಬರು ಒತ್ತಿದಳು. ಪ್ರತಿ ಸಲವೂ, ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಯಾವುದೋ ಹೆಂಗಸು ನಿರುಮ್ಮಳವಾಗಿ ಹೇಳುತ್ತಿದ್ದಳು. ಆ ಹೆಂಗಸಿನ ಕತ್ತು ಹಿಸುಕಬೇಕೆನಿಸಿತು. ಬೆಳಿಗ್ಗೆ ತಾನೂ ಹೀಗೇ ನಿರುಮ್ಮಳವಾಗಿ ಕ್ಷೇಮ ಎಂದಿದ್ದು ನೆನಪಾಯಿತು.

"ಕಾಟಲಿಂಗಪ್ಪಗೆ ಕಾಡು ಹೊಸದಲ್ಲ ತಾಯಿ" ಎಂದು ಓಬಯ್ಯ ಗಾಳಿಯಲ್ಲಿ ಕೂಗಿ ಸಮಾಧಾನ ಹೇಳಿದ. "ವಾಸನೆ ಹಿಡ್ದು ಹೇಳ್ತಾನೆ ಕರಡಿ ಐತೋ ಇಲ್ವೋ ಅಂತ. ಹೊತ್ತು ಇಳಿದ್ಮೇಲೆ ಹಳ್ಳದ ತಂಟೆಗೇ ಹೋಗೋನಲ್ಲ."

"ಅವೆಲ್ಲ ಮೊದಲು" ಎಂದಳು ಯಶೋದಾ. "ಈಗ ನಾನು ಹೇಳಿದ್ದೇ ಖರೆ ಅವರಿಗೆ."

ಅವಳನ್ನು ಕಾಡುತ್ತಿದ್ದ ಭಯವೇ ಅದು. ಕರಡಿಗಿಂತ ಆ "ಆಯ್ತವ್ವ" ಅವಳನ್ನು ಹೆಚ್ಚು ಹೆದರಿಸುತ್ತಿತ್ತು. ಇನ್ನೊಂದೂ ಹೊಳೆಯಿತು. ಮಂದೆಗೆ ನೀರು ಕುಡಿಸುವುದು ಮಧ್ಯಾಹ್ನ. ಬುತ್ತಿ ಹೊತ್ತು ಬ್ಯಾಡ ಎಂದು ತಾನು ಹೇಳಿರುವುದರಿಂದ ಮಾವ ಮಧ್ಯಾಹ್ನ ನೀರಿಗೆ ಇಳಿಸಿರುವುದಿಲ್ಲ. ಬೆಳಗಿನಿಂದ ಬಾಯಾರಿದ ಕುರಿಗಳನ್ನು ಸಂಜೆಗೆಂದು ಕಾಯಿಸಿರುತ್ತಾನೆ. ಬಾಯಾರಿದ ಮಂದೆ ನೀರಿನ ವಾಸನೆಗೆ ಒಂದೇ ಉಸುರಿಗೆ ಇಳಿದುಬಿಡುತ್ತದೆ.

ರಸ್ತೆ ಮುಗಿದ ಕಡೆ ಮೊಪೆಡ್ಡನ್ನು ಬಂಡೆಗೆ ಒರಗಿಸಿ ಇಬ್ಬರೂ ಕಾಲುದಾರಿಯಲ್ಲಿ ಓಡಿದರು. ಹೊತ್ತು ಮುಳುಗಿತ್ತು. ಲಂಟಾನದ ಮುಳ್ಳು ಅವಳ ಸೀರೆ ಹಿಡಿದು ಜಗ್ಗಿತು. ಅವಳು ಜಗ್ಗಿಕೊಂಡೇ ಹೋದಳು. ಆಗ ಒಂದು ಸದ್ದು ಕೇಳಿಸಿತು. ಕೋಲು ಮೈಮೇಲೆ ಬೀಳುವ ಸದ್ದು. ಒಂದರ ಹಿಂದೆ ಒಂದು. ಈ ಮನೆಗೆ ಬಂದ ಮೇಲೆ ಅವಳು ಆ ಸದ್ದನ್ನು ಒಮ್ಮೆಯೂ ಕೇಳಿರಲಿಲ್ಲ.

ದಿಣ್ಣೆ ಏರಿದಾಗ ಕಂಡಿತು. ಹಳ್ಳದ ಅಂಚಿನಲ್ಲಿ ಮಂದೆ ಗುಡ್ಡೆಗಟ್ಟಿ ನಿಂತಿತ್ತು. ಒಂದು ಕುರಿಯೂ ಅರಚುತ್ತಿರಲಿಲ್ಲ. ಮುಂದೆ ಕೆಂದಿ, ಕೆಳಗಿನ ನೀರಿನ ಕಡೆ ಮುಖ ಮಾಡಿ, ಮುಂಗಾಲಿನಿಂದ ನೆಲವನ್ನು ಟಪ್ ಟಪ್ ಎಂದು ಬಡಿಯುತ್ತಿದ್ದಳು. ಕಾಟಲಿಂಗಪ್ಪ ಅವಳ ಬೆನ್ನಿಗೆ ಬಾರಿಸುತ್ತಿದ್ದ, ಬಾರಿಸುತ್ತಾ ಗೋಗರೆಯುತ್ತಿದ್ದ.

"ಇಳಿಯೇ ತಾಯಿ, ಇಳಿಯೇ. ನೀರಿಲ್ದೆ ಸಾಯ್ತೀಯಾ? ಏನೂ ಇಲ್ಲ ಕಣೇ ಅಲ್ಲಿ. ಯಶೋದಮ್ಮ ಹೇಳೈತೆ."

ಕೆಂದಿ ಕದಲಲಿಲ್ಲ. ಮುದುಕ ಕೋಲು ಎಸೆದ. "ಬರ್ರಿ, ನಾನೇ ಮುಂದೆ ಇಳೀತೀನಿ, ನೋಡ್ಕಂಡು ಬರ್ರಿ" ಎಂದು ಒಬ್ಬನೇ ಇಳಿಜಾರಿಗೆ ಕಾಲಿಟ್ಟ.

"ಮಾವಾ!" ಯಶೋದಾ ಕಿರುಚಿದಳು. "ಮಾವಾ, ಇಳೀಬ್ಯಾಡ್ರೀ!"

ಅವನಿಗೆ ದನಿ ಕೇಳಿಸಿತು, ಆದರೆ ಗಾಳಿ ಮಾತನ್ನು ಕೊಚ್ಚಿಕೊಂಡು ಹೋಯಿತು. ಅವನು ಹಿಂದಕ್ಕೆ ತಿರುಗಲಿಲ್ಲ. ಅಂಗಿಯ ಜೇಬಿಗೆ ಕೈ ಹಾಕಿ ಫೋನು ತೆಗೆದು ಕಿವಿಗಿಟ್ಟುಕೊಂಡ. ಆ ದನಿ ಬರುವುದು ಅಲ್ಲಿಂದಲೇ ಎಂದು ಅವನ ಕಿವಿಗೆ ಅಷ್ಟು ರೂಢಿಯಾಗಿಹೋಗಿತ್ತು.

"ಆಯ್ತವ್ವ" ಎಂದ. "ಇಳೀತಾ ಇದೀನಿ."

ಯಶೋದಾಳಿಗೆ ಮುಂದಿನದು ಸರಿಯಾಗಿ ನೆನಪಿಲ್ಲ. ಟಗರಿಗೆ ಹೆದರಿ ಜಗಲಿ ಹತ್ತುವವಳು ಇಡೀ ಮಂದೆಯನ್ನು ಸೀಳಿಕೊಂಡು ನುಗ್ಗಿದಳಂತೆ, ಇದು ಓಬಯ್ಯ ಹೇಳಿದ್ದು. ಅವಳಿಗೆ ನೆನಪಿರುವುದು ಕೆಳಗಿನ ಪೊದೆ ಅಲುಗಿದ್ದು, ಕತ್ತಲೆಯ ಒಂದು ತುಂಡು ಎದ್ದು ನಿಂತಿದ್ದು, ಅದರ ಬೆನ್ನ ಮೇಲೆ ಇನ್ನೊಂದು ಸಣ್ಣ ತುಂಡು ಕೂತಿದ್ದು. ಅದು ಹಳ್ಳವೆಲ್ಲ ಕೇಳುವಂತೆ ಅರಚಿತು. ಮುದುಕ ತಿರುಗಲು ಹೋಗಿ ಜಾರಿ ಬಿದ್ದ. ಕರಡಿ ಮೇಲೆ ಬಂತು. ಅವನ ಹೆಗಲಿನ ಕರೀ ಕಂಬಳಿ ಅದರ ಉಗುರಿಗೆ ಸಿಕ್ಕಿತು. ಅಷ್ಟರಲ್ಲಿ, ಪ್ರಾಣಿ ಬೆದರಿಸಲೆಂದು ಸದಾ ಜೇಬಿನಲ್ಲಿಡುತ್ತಿದ್ದ ಪಟಾಕಿಯನ್ನು ಓಬಯ್ಯ ಹೊತ್ತಿಸಿ ಎಸೆದ, ಅದು ಹಳ್ಳದಲ್ಲಿ ಸಿಡಿದು, ಬಂಡೆಬಂಡೆಗೆ ಬಡಿದು ಮೊಳಗಿತು. ಕರಡಿ ಕಂಬಳಿಯನ್ನು ಕಿತ್ತೆಳೆದುಕೊಂಡೇ ನೀರು ದಾಟಿ ಆಚೆ ದಡದ ಪೊದೆಗೆ ನುಗ್ಗಿತು. ಮುರಿಯುವ ಕಡ್ಡಿಗಳ ಸದ್ದು ದೂರವಾಯಿತು. ಆಗ ಮಂದೆ ಒಟ್ಟಿಗೇ ಅರಚತೊಡಗಿತು.

ಮಾವನನ್ನು ಮೇಲಕ್ಕೆ ಎಳೆದು ತಂದರು. ಹೆಗಲಿನಲ್ಲಿ ಮೂರು ಗೀರು ಬಿದ್ದು ರಕ್ತ ಸುರಿಯುತ್ತಿತ್ತು, ಆಳವಿರಲಿಲ್ಲ. ಕಂಬಳಿ ದಪ್ಪನಾಗಿದ್ದುದು ಅವನ ಪುಣ್ಯ. ಯಶೋದಾ ಸೆರಗು ಹರಿದು ಒತ್ತಿ ಹಿಡಿದಳು. ಅವನು ತನ್ನ ಗಾಯವನ್ನು ನೋಡಿಕೊಳ್ಳಲಿಲ್ಲ. ಕೆಂದಿಯನ್ನೇ ನೋಡುತ್ತಿದ್ದ.

"ಅವಳಿಗೆ ಹೊಡೆದೆ ಕಣವ್ವಾ" ಎಂದ. "ಬೆಳಗ್ಗಿಂದ ಹನಿ ನೀರಿಲ್ಲ, ನೀರು ಕಣ್ಣೆದುರೇ ಐತೆ, ಆದ್ರೂ ಇಳೀಲಿಲ್ಲ ನೋಡು. ನಂಗೂ ವಾಸನೆ ಬಂತು. ಖರೇ ಹೇಳ್ತೀನಿ, ಬಂತು. ನೀನು ಕ್ಷೇಮ ಅಂದಿದ್ಯಲ್ಲ, ನನ್ನ ಮೂಗಿಗೇ ವಯಸ್ಸಾತು ಅಂದ್ಕಂಡೆ. ಅದಕ್ಕೇ ಹೊಡೆದೆ."

ಯಶೋದಾಳಿಗೆ ಅಳು ಒತ್ತಿಕೊಂಡು ಬಂತು. ಅಳುತ್ತಲೇ ಎಲ್ಲ ಹೇಳಿದಳು. ಹಳೇ ಕಂಪ್ಯೂಟರು, ಹೊಸ ಕಂಪ್ಯೂಟರು, ಹೊತ್ತಿನ ಲೆಕ್ಕ ಎರಡರಲ್ಲೂ ಬೇರೆ ಬೇರೆ ಜಾಗದಲ್ಲಿರುವುದು, ತಾನು ಬರೆದ ಆ ಒಂದು ಸಾಲು. ತಪ್ಪು ತನ್ನದೇ ಎಂದಳು. ಕಾಟಲಿಂಗಪ್ಪ ತಲೆಯಾಡಿಸುತ್ತಾ ಕೇಳಿದ.

"ಹೊಸ ಮಿಷನ್ನಲ್ಲವಾ, ನಮ್ಮ ಹೊತ್ತು ಅದಕ್ಕೆ ಗೊತ್ತಿರ್ಲಿಲ್ಲ ಪಾಪ" ಎಂದ. "ನೀನು ಓಡಿ ಬಂದ್ಯಲ್ಲ, ಸಾಕು ಬಿಡು."

ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಮುದುಕನಿಗೆ ದುರ್ಗದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು, ಇಂಜೆಕ್ಷನ್ ಕೊಟ್ಟರು. ಗಾಯ ಆರುವ ತನಕ ಬೀರೇಶ ಬಂದು ಮಂದೆ ನೋಡಿಕೊಂಡ. ಆ ದಿನಗಳಲ್ಲಿ ಯಶೋದಾ ಮೊದಲು ಮಾಡಿದ ಕೆಲಸವೆಂದರೆ ತಾನು ಬರೆದಿದ್ದ ಆ ಸಾಲನ್ನು ಅಳಿಸಿದ್ದು. ಇನ್ನು ಮೇಲೆ ಖಾಲಿ ಬಂದರೆ ಫೋನು ಹೋಗುವುದೇ ಇಲ್ಲ. ಫೋನು ಬರದ ದಿನ ನಿಮ್ಮ ಕಣ್ಣು ಮೂಗು ಹೇಳಿದ ಹಾಗೆ ನಡೀರಿ ಎಂದು ಒಬ್ಬೊಬ್ಬ ಕುರಿಗಾರನಿಗೂ ತಾನೇ ಫೋನ್ ಮಾಡಿ ಹೇಳಿದಳು. ದಿನಾ ಬೆಳಿಗ್ಗೆ ಹೊತ್ತು ಸರಿಯಿದೆಯೇ ಎಂದು ಡೇಟಾಬೇಸನ್ನು ಕೇಳುತ್ತಾಳೆ, ಗೋಡೆಯ ಗಡಿಯಾರ ನೋಡುತ್ತಾಳೆ, ನಂಬಿಕೆ ಸಾಲದೆ ಕಿಟಕಿಯಿಂದ ಬಿಸಿಲನ್ನೂ ನೋಡುತ್ತಾಳೆ. ದಯಾನಂದ ಈಗ ಅವಳನ್ನು ಗೇಲಿ ಮಾಡುವುದಿಲ್ಲ.

ಇತ್ತ ಮನೆಯಲ್ಲಿ ಕಾಟಲಿಂಗಪ್ಪ ಕಂಬಳಿಯ ಚೂರುಗಳನ್ನು ಬಂದವರಿಗೆಲ್ಲ ತೋರಿಸಿ ಸೊಸೆಯ ಗುಣಗಾನ ಮಾಡುತ್ತಿದ್ದ. ಸಂಜೆ ಸಂಜೆ ಕೆಂದಿಯ ಬೆನ್ನಿಗೆ ಅರಿಸಿನ ಎಣ್ಣೆ ಹಚ್ಚುತ್ತಾ ಕೂರುತ್ತಿದ್ದ. ಬಾಸುಂಡೆ ಎಂದೋ ಮಾಸಿತ್ತು, ಆದರೂ ಹಚ್ಚುತ್ತಿದ್ದ.

ಗಾಯ ಮಾಗಿ ಅವನು ಮತ್ತೆ ಹೊರಡುವ ಬೆಳಿಗ್ಗೆ ಬಂತು. ಹೊಸ ಕಂಬಳಿ ಹೊದ್ದು, ಬುತ್ತಿ ಕಟ್ಟಿಕೊಂಡು, ರೊಪ್ಪದ ಬಾಗಿಲಲ್ಲಿ ನಿಂತ. ಬಾಗಿಲು ತೆಗೆಯಲಿಲ್ಲ. ಫೋನು ಕೈಯಲ್ಲಿತ್ತು. ಯಶೋದಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಮಾವ, 'ಕ್ಷೇಮ' ಅಂತ ಬಂದ್ರೂ ನೀವೊಂದ್ಸಲ ನೋಡ್ಕಂಡು ಇಳೀರಿ."

"ಆತವ್ವ." ಅವನು ಫೋನನ್ನೊಮ್ಮೆ ನೋಡಿ ಕೇಳಿದ, "ಒಂದ್ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ. ನಾಳೆ ದಿನ ಕೆಂದಿ ನಿಂತ್ಕಂಡ್ಲು ಅನ್ನು. ನೀನು ಫೋನಲ್ಲಿ ಹೋಗು ಅಂದಿರ್ತೀಯ. ಆಗ ನಾನು ಯಾರ ಮಾತು ಕೇಳ್ಲಿ?"

"ಕೆಂದಿ ಮಾತು ಮಾವ. ಕೆಂದಿ ಮಾತೇ ಕೇಳ್ರಿ."

ಮುದುಕ ಅವಳ ಮುಖವನ್ನೇ ನೋಡಿದ. ಅವನಿಗೆ ಆ ಉತ್ತರ ಹಿಡಿಸಿದಂತೆ ಕಾಣಲಿಲ್ಲ. ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಅವನು ಅವಸರದಿಂದ ಅದನ್ನು ಕಿವಿಗೆ ಒತ್ತಿಕೊಂಡು, ಎದುರಿಗೆ ನಿಂತವಳಿಗೆ ಸುಮ್ಮನಿರುವಂತೆ ಕೈಸನ್ನೆ ಮಾಡಿದ. ಯಶೋದಾಳಿಗೆ ತನ್ನ ದನಿ ಸಣ್ಣಗೆ ಕೇಳಿಸಿತು. ಜೋಗಿಮಟ್ಟಿ ಹಳ್ಳ. ಬುತ್ತಿ ಹೊತ್ತು, ಕ್ಷೇಮ.

"ಆಯ್ತವ್ವ" ಎಂದು ಕಾಟಲಿಂಗಪ್ಪ ಫೋನಿಗೆ ಹೇಳಿ, ರೊಪ್ಪದ ಬಾಗಿಲು ತೆಗೆದ.